ಎದೆಯ ಗಂಟು, ಹಣೆಯ ಬರಹ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಈ ನಾಲ್ಕು ತಾಲ್ಲೂಕಿನ ಯಾವ ಕೇರಿಗಾದರೂ ಹೋಗಿ, ಯಾವ ಹಟ್ಟಿಗಾದರೂ ಹೋಗಿ. ಎದೆಯಲ್ಲಿ ಗಂಟು ಕಂಡ ಹೆಂಗಸಿನ ಬಾಯಲ್ಲಿ ಬರುವ ಮಾತು ಹೆಚ್ಚು ಕಡಿಮೆ ಒಂದೇ. "ಪಡ್ಕಂಡ್ ಬಂದಿದ್ದು ಕಣವ್ವಾ, ಯಾರೇನ್ ಮಾಡಾಕಾಯ್ತದೆ?" ಪಕ್ಕದಲ್ಲಿ ಕೂತವಳು ಅದಕ್ಕೆ ಇನ್ನೊಂದು ಸೇರಿಸುತ್ತಾಳೆ: "ಅದು ಬಂದ್ ಮ್ಯಾಲೆ ಉಳಿದೋರ್ ಯಾರವ್ರೆ?" ಮೂರನೆಯವಳು ದನಿ ತಗ್ಗಿಸಿ, "ಕತ್ತಿ ಸೂಜಿ ತಾಗಿಸ್ಬ್ಯಾಡ, ಮೈಯೆಲ್ಲ ಹಬ್ಬುತ್ತೆ" ಅನ್ನುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು. ಸೆರಗು ಎಳೆದುಕೊಂಡು ಆಕೆ ಕಳೆ ಕೀಳಲು ಹೋಗುತ್ತಾಳೆ.

ಇದಕ್ಕೆ ಡಾಕ್ಟರು ಇಟ್ಟ ಹೆಸರು ಮೂಢನಂಬಿಕೆ. ಪ್ರಶ್ನಾವಳಿ ಹಿಡಿದು ಬಂದ ಸಂಶೋಧಕರು ಇಟ್ಟ ಹೆಸರು ವಿಧಿವಾದ. ಎರಡೂ ಹೆಸರು ಆ ಹೆಂಗಸಿನ ತಲೆಯೊಳಗೇ ತಪ್ಪನ್ನು ಹುಡುಕಿ ಕೈತೊಳೆದುಕೊಳ್ಳುತ್ತವೆ. ಈ ಮಾತು ಎಲ್ಲಿಂದ ಬಂತು, ಎಷ್ಟು ಹಳೆಯದು, ಇದರಿಂದ ಯಾರಿಗೆ ಲಾಭವಾಯಿತು, ಯಾರು ಹೇಳಿದರೆ ಇದು ಅಳಿಸುತ್ತದೆ ಎಂದು ಕೇಳಿದವರು ಕಡಿಮೆ. ಅದನ್ನು ಕೇಳಿ ನೋಡುವುದಕ್ಕೆ ಈ ಲೇಖನ.

ನಮ್ಮ ಜಿಲ್ಲೆಯ ಮಟ್ಟಿಗೆ ಈ ಜಗಳಕ್ಕೆ ಎರಡು ಸಾವಿರದ ಇನ್ನೂರು ವರ್ಷ ದಾಟಿದ ದಾಖಲೆಯೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಕೊರೆಸಿದ ಶಾಸನವನ್ನು ಬಿ.ಎಲ್. ರೈಸ್ ೧೮೯೨ರಲ್ಲಿ ಬೆಳಕಿಗೆ ತಂದರು. ಶಾಲೆಯಲ್ಲಿ ನಾವು ಅದನ್ನು 'ದೇವಾನಾಂಪ್ರಿಯ' ಎಂಬ ಒಂದು ಅಂಕದ ಉತ್ತರಕ್ಕೆ ಓದಿದೆವು, ಅದರೊಳಗೆ ಏನಿದೆ ಎಂದು ಮೇಷ್ಟ್ರು ಹೇಳಲಿಲ್ಲ. ಅದರ ತಿರುಳು ಇಷ್ಟು: ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ದುಡಿದರೆ ದೊಡ್ಡ ಸ್ವರ್ಗವನ್ನೇ ಪಡೆಯಬಲ್ಲ. ಈ ಮಾತಿಗೆ ಹಿನ್ನೆಲೆಯಿದೆ. ಬುದ್ಧನ ಕಾಲದಲ್ಲೇ ಮಕ್ಖಲಿ ಗೋಸಾಲ ಎಂಬಾತ ಎಲ್ಲವೂ ನಿಯತಿಯಂತೆ ನಡೆಯುತ್ತದೆ, ಮನುಷ್ಯನ ಪ್ರಯತ್ನದಿಂದ ಒಂದು ಹುಲ್ಲೂ ಅಲ್ಲಾಡದು ಎಂದು ಸಾರಿದ್ದ. ಅವನ ಪಂಥದವರೇ ಆಜೀವಿಕರು. ಅಶೋಕ ಅವರಿಗೂ ಗುಹೆ ಕೊರೆಸಿ ಕೊಟ್ಟವನೇ. ಬುದ್ಧ ಮಾತ್ರ ಉಳಿದೆಲ್ಲ ವಾದಗಳಿಗಿಂತ ಈ ವಾದವನ್ನು ಕೀಳೆಂದ.

ಬಂಡೆಯ ಮೇಲೆ ಬರೆದದ್ದು ಬಂಡೆಯಲ್ಲೇ ಉಳಿಯಿತು. ಹಣೆಯ ಮೇಲೆ ಬರೆದದ್ದು ಮನೆಮನೆಗೆ ಹೋಯಿತು. ಉತ್ತರ ಕರ್ನಾಟಕದಲ್ಲಿ ಕೂಸು ಹುಟ್ಟಿದ ಐದಾರು ದಿನಕ್ಕೆ ಶೆಟವಿತಾಯಿ ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆ ಎನ್ನುತ್ತಾರೆ. ನಮ್ಮ ಕಡೆ ಬ್ರಹ್ಮನೇ ಬರೆಯುತ್ತಾನೆ. ಓದುಬರಹವನ್ನೇ ಕೊಡದ ಜನಕ್ಕೆ ಹಣೆಯ ಮೇಲೆ ಮಾತ್ರ ಪುಕ್ಕಟೆ ಬರೆದುಕೊಟ್ಟರು ನೋಡಿ!

ಈ ಲೆಕ್ಕವನ್ನು ನೇರವಾಗಿ ಬಿಡಿಸಿದವರು ಅಂಬೇಡ್ಕರ್. ಅವರು ತೀರಿಕೊಂಡ ಮೇಲೆ ೧೯೫೭ರಲ್ಲಿ ಅಚ್ಚಾದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮದ ಸಿದ್ಧಾಂತವನ್ನು ಯಾಕೆ ಕಟ್ಟಿದ್ದಾರು ಎಂದು ಅವರು ಕೇಳುತ್ತಾರೆ. ಬಡವರ, ಕೀಳುಗಳೆನಿಸಿಕೊಂಡವರ ಸ್ಥಿತಿಗೆ ರಾಜ್ಯವೂ ಸಮಾಜವೂ ಹೊಣೆಯಿಂದ ಜಾರಿಕೊಳ್ಳುವುದಕ್ಕಲ್ಲದೆ ಅದಕ್ಕೆ ಬೇರೆ ಉದ್ದೇಶ ಕಾಣುವುದಿಲ್ಲ ಎನ್ನುವುದು ಅವರ ತೀರ್ಮಾನ. ಇದನ್ನು ನಮ್ಮ ಕೇರಿಗೆ ತಂದು ನೋಡಿ. ಗಂಟು ಬಂದದ್ದು ಅವಳ ಕರ್ಮವಾದರೆ ಹೆಣ್ಣು ಡಾಕ್ಟರ ಹತ್ತಿರ ಹೋಗಲು ಇಪ್ಪತ್ತು ಮೂವತ್ತು ಮೈಲಿ ಬಸ್ಸು ಹಿಡಿಯಬೇಕಾದದ್ದು ಯಾರ ಕರ್ಮ?

ಆದರೆ ಎಲ್ಲವನ್ನೂ ಪುರೋಹಿತಶಾಹಿಯ ತಲೆಗೆ ಕಟ್ಟಿ ಎದ್ದುಹೋದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಈ ರೋಗದ ಮಟ್ಟಿಗೆ ಹಣೆಬರಹವನ್ನು ಮೊದಲು ಬರೆದಿಟ್ಟವರು ವೈದ್ಯರೇ. ಮೂರೂವರೆ ಸಾವಿರ ವರ್ಷ ಹಿಂದಿನ ಈಜಿಪ್ಟಿನ ಒಂದು ಪಪೈರಸ್ ಹಾಳೆಯಲ್ಲಿ ಎದೆಯ ಮೇಲೆ ಉಬ್ಬಿದ ಗಂಟುಗಳ ವಿವರವಿದೆ. ಮುಟ್ಟಿದರೆ ತಂಪು, ಗಟ್ಟಿ ಎಂದೆಲ್ಲ ಬರೆದ ವೈದ್ಯ ಕೊನೆಗೆ ಚಿಕಿತ್ಸೆ ಇಲ್ಲ ಎಂದು ಮುಗಿಸುತ್ತಾನೆ. ಗ್ರೀಕರ ಹೆರೊಡೋಟಸ್ ಹೇಳುವ ಕತೆಯಲ್ಲಿ ಪರ್ಷಿಯದ ರಾಣಿ ಅತೋಸಾಗೆ ಎದೆಯಲ್ಲಿ ಗಡ್ಡೆ ಏಳುತ್ತದೆ. ಚಿಕ್ಕದಿದ್ದಾಗ ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಒಡೆದು ಹರಡಿದ ಮೇಲೆ ಡೆಮೊಸಿಡೀಸ್ ಎಂಬ ಸೆರೆಸಿಕ್ಕ ಗ್ರೀಕ್ ವೈದ್ಯನನ್ನು ಕರೆಸುತ್ತಾಳೆ. ಸಾಮ್ರಾಜ್ಯದ ಒಡತಿಯೇ ಬಚ್ಚಿಟ್ಟುಕೊಂಡಿದ್ದಳು ಎಂದಮೇಲೆ ಹೊಸದುರ್ಗದ ಕೂಲಿ ಹೆಂಗಸು ಬಚ್ಚಿಟ್ಟರೆ ಅದಕ್ಕೆ 'ಅನಕ್ಷರತೆ' ಎಂದು ಷರಾ ಬರೆಯುವವರು ಸ್ವಲ್ಪ ನಿಧಾನಿಸಬೇಕು.

ಮುಂದೆ ಸಾವಿರಾರು ವರ್ಷ ಈ ರೋಗ ಬಂದವರು ಸತ್ತರು. ಹಣೆಬರಹ ಎಂಬ ಮಾತು ಆ ಕಾಲಕ್ಕೆ ಸುಳ್ಳಾಗಿರಲಿಲ್ಲ. ಅಮೆರಿಕದ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ ಮೊಲೆಯನ್ನೂ ಅದರಡಿಯ ಮಾಂಸಖಂಡವನ್ನೂ ಕಂಕುಳಿನ ಗಂಟುಗಳನ್ನೂ ಒಟ್ಟಿಗೆ ಕೆತ್ತಿ ತೆಗೆಯುವ ವಿಧಾನವನ್ನು ೧೮೯೪ರಲ್ಲಿ ಪ್ರಕಟಿಸಿದ. ಮುಕ್ಕಾಲು ಶತಮಾನ ಅದೇ ನಡೆಯಿತು. ಅಷ್ಟೆಲ್ಲ ಕೆತ್ತಬೇಕಾಗಿಲ್ಲ, ಬೇಗ ಸಿಕ್ಕರೆ ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಬದುಕುವವರ ಸಂಖ್ಯೆ ಅಷ್ಟೇ ಇರುತ್ತದೆ ಎಂದು ಬರ್ನಾರ್ಡ್ ಫಿಶರ್ ತಂಡ ೧೯೮೫ರಲ್ಲಿ ತೋರಿಸಿಕೊಟ್ಟಿತು. ಈಗ ಒಳ್ಳೆ ಚಿಕಿತ್ಸೆಯಿರುವ ಕಡೆ, ಗಂಟು ಮೊಲೆಯೊಳಗೇ ಇರುವಾಗ ಸಿಕ್ಕಿಬಿದ್ದರೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಹೆಂಗಸರು ಐದು ವರ್ಷದ ಆಚೆಗೂ ಬದುಕುತ್ತಾರೆ. ಎಲುಬಿಗೆ, ಶ್ವಾಸಕೋಶಕ್ಕೆ ಇಳಿದ ಮೇಲೆ ಆ ಸಂಖ್ಯೆ ಮೂವತ್ತರ ಆಸುಪಾಸಿಗೆ ಬೀಳುತ್ತದೆ. ರೋಗ ಅದೇ, ಮೈಯೂ ಅದೇ. ನಡುವೆ ಇರುವುದು ದಿನಗಳು.

ಆ ದಿನಗಳು ಎಲ್ಲಿ ಕಳೆದುಹೋಗುತ್ತವೆ? ಬೊಂಬಾಯಿಯಲ್ಲಿ ಟಾಟಾ ಆಸ್ಪತ್ರೆ ೧೯೪೧ರಲ್ಲಿ ಬಂತು. ಮದರಾಸಿನ ಅಡ್ಯಾರಿನಲ್ಲಿ ೧೯೫೪ರಲ್ಲಿ ಕ್ಯಾನ್ಸರ್ ಸಂಸ್ಥೆ ಕಟ್ಟಿದ ಮುತ್ತುಲಕ್ಷ್ಮಿ ರೆಡ್ಡಿ ದೇವದಾಸಿ ಮನೆತನದ ತಾಯಿಯ ಮಗಳು. ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡಿದ್ದವರು, ದೇವದಾಸಿ ಪದ್ಧತಿಯ ವಿರುದ್ಧ ಶಾಸನಸಭೆಯಲ್ಲಿ ನಿಂತವರೂ ಅವರೇ. ಈ ಎರಡು ಕೆಲಸ ಒಬ್ಬಳೇ ಹೆಣ್ಣಿನ ಕೈಲಿ ನಡೆದದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಕರ್ನಾಟಕಕ್ಕೆ ೧೯೭೩ರಲ್ಲಿ ಬೆಂಗಳೂರಿನ ಕಿದ್ವಾಯಿ ಬಂತು. ೧೯೮೨ರಿಂದ ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳ ನೋಂದಣಿ ಶುರುವಾಯಿತು. ಆಗ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು, ಈಗ ಸ್ತನದ್ದು ಮೊದಲು. ಆ ಎಣಿಕೆ ಬೆಂಗಳೂರು ನಗರದ್ದು. ನಮ್ಮ ಹಳ್ಳಿಗಳು ಆ ಗೆರೆಯಾಚೆ. ನಮ್ಮವರು ಸತ್ತರೆ "ಕುರು ಒಡೆದು ಸತ್ತಳು" ಅಷ್ಟೇ.

ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರು. ಹಿರಿಯೂರಿನವರಿಗೆ ಹೆದ್ದಾರಿ ಇದೆ. ಹೊಳಲ್ಕೆರೆ ಕಡೆಯವರು ಚಿಕ್ಕಜಾಜೂರಿಗೆ ಹೋಗಿ ರೈಲು ಹಿಡಿಯಬಹುದು. ಹೊಸದುರ್ಗದ ಒಳಹಳ್ಳಿಯವಳು ಮೊದಲು ತಾಲ್ಲೂಕಿಗೆ ಬರಬೇಕು, ಆಮೇಲೆ ಉಳಿದದ್ದು. ಜಿಲ್ಲೆಯ ಜನರಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲೊಂದು ಪಾಲು ಪರಿಶಿಷ್ಟ ಜಾತಿ, ಐದರಲ್ಲೊಂದಕ್ಕೆ ಹತ್ತಿರ ಪರಿಶಿಷ್ಟ ಪಂಗಡ. ಮಳೆ ನೆಚ್ಚಿದ ನೆಲ, ಕೂಲಿ ನೆಚ್ಚಿದ ಜನ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಒಲೆ ಆರುತ್ತದೆ.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಓದಿದವಳು ನಾನು. ಹಾಗಾಗಿ ಕೇರಿಯ ಆಸ್ಪತ್ರೆ ಚೀಟಿಗಳನ್ನೆಲ್ಲ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲ ಇಂಗ್ಲಿಷು. ಒಬ್ಬ ಹೆಂಗಸಿನ ಪ್ಲಾಸ್ಟಿಕ್ ಚೀಲದಲ್ಲಿ ಒಟ್ಟಿದ್ದ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದಾಗ ಒಂದು ಚರಿತ್ರೆಯೇ ಎದ್ದು ನಿಂತಿತು. ಮೊದಲ ಚೀಟಿಯಲ್ಲಿ ನೋವಿನ ಮಾತ್ರೆ. ಎರಡು ತಿಂಗಳಿಗೆ ಇನ್ನೊಂದು ಚೀಟಿ, ಬೇರೆ ಮಾತ್ರೆ. ಆಮೇಲೆ ಏಳು ತಿಂಗಳ ಖಾಲಿ ಜಾಗ, ಅದು ಶೇಂಗಾ ಬಿತ್ತನೆ, ಕಳೆ, ಒಕ್ಕಣೆ, ಮಗಳ ಬಾಣಂತನದ ಕಾಲ. ಕೊನೆಯ ಚೀಟಿಯಲ್ಲಿ 'ಮುಂದಿನ ಆಸ್ಪತ್ರೆಗೆ' ಎಂಬ ಎರಡು ಪದ. ಮೊದಲ ದಿನವೇ ಆಕೆಯ ಎದೆಯನ್ನು ಕೈಯಿಟ್ಟು ನೋಡಿದ ಗುರುತು ಯಾವ ಚೀಟಿಯಲ್ಲೂ ಇರಲಿಲ್ಲ. ಅವಳು ವಿಧಿವಾದಿಯಾಗಿದ್ದರೆ ಮೊದಲ ಚೀಟಿಯೇ ಇರುತ್ತಿರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ಕೇರಿಯ ಹೆಂಗಸು ಕಣ್ಣಾರೆ ಕಂಡದ್ದೇನು? ಗಂಟು ಬಂದವಳು ತಡವಾಗಿ ಹೋದಳು, ಕೊಯ್ಯಿಸಿಕೊಂಡಳು, ಆರು ತಿಂಗಳಿಗೆ ಸತ್ತಳು. ಇನ್ನೊಬ್ಬಳೂ ಹಾಗೇ. ಮನೆಯ ಮೇಕೆ, ಕಿವಿಯ ವಾಲೆ ಎಲ್ಲ ಹೋಯಿತು. ಬದುಕಿ ಬಂದವಳನ್ನು ಒಬ್ಬಳನ್ನೂ ಆಕೆ ಕಂಡಿಲ್ಲ. ಹೀಗಿರುವಾಗ "ಕತ್ತಿ ತಾಗಿದ್ರೆ ಹಬ್ಬುತ್ತೆ" ಎಂದು ಆಕೆ ತೀರ್ಮಾನಿಸಿದರೆ ಅದು ಮೌಢ್ಯವಲ್ಲ, ತನಗೆ ಸಿಕ್ಕ ಸಾಕ್ಷಿಯಿಂದ ಮಾಡಿದ ತರ್ಕ. ತೀರ್ಮಾನ ತಪ್ಪು: ರೋಗ ಹಬ್ಬಿದ್ದು ಕತ್ತಿಯಿಂದಲ್ಲ, ಕತ್ತಿ ತಡವಾಗಿ ಬಂದದ್ದರಿಂದ. ಸಾಕ್ಷಿ ಮಾತ್ರ ನಿಜ. ೨೦೨೨ರ ಜಾಗತಿಕ ಅಂದಾಜಿನಲ್ಲಿ ಭಾರತದಲ್ಲಿ ಒಂದೇ ವರ್ಷ ಸುಮಾರು ೧,೯೨,೦೦೦ ಹೆಂಗಸರಿಗೆ ಈ ರೋಗ ಬಂತು, ಸುಮಾರು ೯೮,೦೦೦ ಮಂದಿ ಸತ್ತರು. ಅಂದರೆ ಇಬ್ಬರು ಹೊಸ ರೋಗಿಗಳಿಗೆ ಒಂದು ಸಾವು. ಅಮೆರಿಕದಲ್ಲಿ ಅದೇ ವರ್ಷ ಆರು ಹೊಸ ರೋಗಿಗಳಿಗೆ ಒಂದು ಸಾವು. ಕೇರಿಯವಳ ಲೆಕ್ಕ ಅಂಕಿಅಂಶದಿಂದ ಬಹಳ ದೂರವಿಲ್ಲ.

ಅಮೆರಿಕದಲ್ಲೂ ಇದೇ ಮಾತನ್ನು ಕರಿಯ ಹೆಂಗಸರ ಬಾಯಲ್ಲಿ ಕೇಳಿ ಅಳೆಯಲು ಹೊರಟವಳು ಬಾರ್ಬರಾ ಪೋವ್ ಎಂಬ ನರ್ಸಿಂಗ್ ಸಂಶೋಧಕಿ. ಭಯ, ನಿರಾಶೆ, ಮೊದಲೇ ಬರೆದಿಟ್ಟದ್ದೆಂಬ ಭಾವನೆ, ಸಾವು ತಪ್ಪದೆಂಬ ನಂಬಿಕೆ, ಇವನ್ನು ಹದಿನೈದು ಪ್ರಶ್ನೆಗಳಲ್ಲಿ ಅಳೆಯುವ ಪಟ್ಟಿಯೊಂದನ್ನು ಆಕೆ ಮಾಡಿದಳು. ಅದು ಈಗ ಏಷ್ಯಾದ ಎಷ್ಟೋ ಭಾಷೆಗೆ ತರ್ಜುಮೆಯಾಗಿದೆ. ಆದರೆ ೧೯೯೫ರಲ್ಲಿ ಆಕೆಯೂ ಜೊತೆಯವಳೂ ಬರೆದದ್ದನ್ನು ಪಟ್ಟಿ ಎರವಲು ಪಡೆದವರು ಮರೆಯುತ್ತಾರೆ: ಈ ವಿಧಿವಾದ ಆಕಾಶದಿಂದ ಉದುರಿದ್ದಲ್ಲ, ಗುಲಾಮಗಿರಿ, ಬಡತನ, ತಾರತಮ್ಯ ಉಂಡ ಜನರ ಅನುಭವದಲ್ಲಿ ಬೆಳೆದದ್ದು. ಹದಿನೈದು ಪ್ರಶ್ನೆಗಳಲ್ಲಿ ಬಸ್ ಚಾರ್ಜಿನ ಪ್ರಶ್ನೆ ಒಂದೂ ಇಲ್ಲ.

ಇನ್ನು ನಾಚಿಕೆಯ ಮಾತು. ನಮ್ಮ ಮುತ್ತಜ್ಜಿಯರಲ್ಲಿ ಎಷ್ಟೋ ಮಂದಿ ರವಿಕೆ ತೊಟ್ಟವರಲ್ಲ. ತಿರುವಾಂಕೂರಿನಲ್ಲಿ ನಾಡಾರ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ಹೊಡೆತ ತಿಂದು ೧೮೫೯ರಲ್ಲಿ ಅದನ್ನು ಪಡೆದರು, ಅದೂ ಮೇಲ್ಜಾತಿಯವರಂತೆ ಉಡಬಾರದೆಂಬ ಷರತ್ತಿನ ಮೇಲೆ. ಮೊದಲು ಮುಚ್ಚಬೇಡ ಎಂದರು, ಆಮೇಲೆ ತೋರಿಸಬೇಡ ಎಂದರು. ಎರಡೂ ಸಲ ಅಪ್ಪಣೆ ಬೇರೆಯವರದು. ಮಾನದ ಹೆಸರಿನಲ್ಲಿ ಈಗ ಆಕೆ ತನ್ನ ಎದೆಯನ್ನು ತಾನೇ ಮುಟ್ಟಿ ನೋಡಿಕೊಳ್ಳಲೂ ಹೇಸುತ್ತಾಳೆ. ಗಂಡನ ಮುಂದೆ 'ಮೊಲೆ' ಎನ್ನುವ ಪದ ಬೈಗುಳ, ಡಾಕ್ಟರ ಮುಂದೆ ಅದಕ್ಕೆ ಪದವೇ ಇಲ್ಲ. 'ಎದೆನೋವು' ಎಂದು ಹೇಳಿ ಗ್ಯಾಸಿನ ಮಾತ್ರೆ ಪಡೆದು ಬಂದವರನ್ನು ನಾನು ಬಲ್ಲೆ.

ಹೆಣ್ಣಿನ ಮೈ, ಹರಕೆ, ನಂಬಿಕೆ ಒಟ್ಟಿಗೆ ಬಂದ ಕಡೆ ನಮ್ಮ ಚಳವಳಿ ಕಲಿತ ಒಂದು ಕಹಿ ಪಾಠವೂ ಇಲ್ಲಿ ನೆನಪಾಗಬೇಕು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ಸೇವೆ ಮಾಡುವವರಲ್ಲಿ ಹೆಚ್ಚಿನವರು ನಮ್ಮವರೇ, ಹಿಂದುಳಿದವರೇ. ಚರ್ಮರೋಗ ಹೋಗಲಿ, ಮಕ್ಕಳಾಗಲಿ ಎಂದು ಹೊತ್ತ ಹರಕೆ. ೧೯೮೬ರ ಮಾರ್ಚಿನಲ್ಲಿ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಮತ್ತು ಪ್ರಗತಿಪರ ಗೆಳೆಯರ ಮೇಲೆ ಭಕ್ತರ ಗುಂಪು ಬಿತ್ತು, ಪೊಲೀಸರನ್ನೂ ಸೇರಿಸಿ ಬಟ್ಟೆ ಬಿಚ್ಚಿ ನಡೆಸಿದರು. ಸರ್ಕಾರ ನಿಷೇಧ ತಂದಿತು. ತಡೆಯಬೇಕಾದದ್ದೇ, ತಡೆದದ್ದು ಸರಿಯೇ. ಆದರೆ ಹರಕೆ ಹೊತ್ತವಳ ಚರ್ಮರೋಗಕ್ಕೆ ಮರುದಿನ ಮದ್ದು ಯಾರು ಕೊಟ್ಟರು? ಪ್ಯಾಂಟು ಹಾಕಿಕೊಂಡು ಕರಪತ್ರ ಹಂಚಲು ಹೋದವರ ಮಾತು ಎಷ್ಟೇ ನಿಜವಾದರೂ ಆಕೆಗೆ ಅದು ಹೊರಗಿನವರ ಮಾತು.

ಹಾಗಾದರೆ ಯಾರ ಮಾತು ಒಳಗಿನದು? ನಮ್ಮಲ್ಲಿ 'ಓರಗೆ' ಎಂಬ ಒಳ್ಳೆಯ ಪದವಿದೆ. ಓರಗೆಯವಳು ಅಂದರೆ ಜೊತೆಗೆ ಕಳೆ ಕಿತ್ತವಳು, ಅದೇ ನಲ್ಲಿಯಲ್ಲಿ ಕೊಡ ಇಟ್ಟವಳು, ಅದೇ ಸಂಘದಲ್ಲಿ ಸಾಲ ತೆಗೆದವಳು. ಓರಗೆಯವಳಿಂದ ಕಲಿಯುವುದಕ್ಕೂ ಒಂದು ಚರಿತ್ರೆ ಇದೆ, ಅದು ಬಹುಪಾಲು ನಮ್ಮಂಥ ಹೆಂಗಸರ ಚರಿತ್ರೆ. ಮಹಾರಾಷ್ಟ್ರದ ಜಾಮಖೇಡದಲ್ಲಿ ರಜನಿಕಾಂತ್ ಮತ್ತು ಮೇಬಲ್ ಅರೋಳೆ ಎಂಬ ವೈದ್ಯ ದಂಪತಿ ೧೯೭೦ರಲ್ಲಿ ಕೆಲಸ ಶುರುಮಾಡಿದರು. ಹಳ್ಳಿಗೆ ಕಳಿಸಿದ ನರ್ಸಮ್ಮಗಳ ಮಾತಿಗೆ ಹೆಂಗಸರು ಕಿವಿಗೊಡಲಿಲ್ಲ. ಆಗ ಅವರು ಊರಿನ ಹೆಂಗಸರನ್ನೇ ಆರಿಸಿಕೊಂಡರು. ಬಹಳ ಮಂದಿ ಓದಿದವರಲ್ಲ, ಹಲವರು ದಲಿತರು. ವಾರವಾರ ಜಾಮಖೇಡಕ್ಕೆ ಬಂದು ಕಲಿತು ಊರಿಗೆ ಹೋಗಿ ಹೇಳುವುದು. ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಮನೆಗಳೇ ಕೊನೆಗೆ ಹೆರಿಗೆಗೆ ಅವರನ್ನು ಕರೆದವು. ಅದೇ ದಶಕದಲ್ಲಿ, ೧೯೭೭ರ ಅಕ್ಟೋಬರ್ ೨ರಂದು, ಸರ್ಕಾರವೂ ಊರಿಗೊಬ್ಬ ಆರೋಗ್ಯ ಕಾರ್ಯಕರ್ತರ ಯೋಜನೆ ತಂದಿತು. ಆರಿಸಿದ್ದು ಹೆಚ್ಚಾಗಿ ಗಂಡಸರನ್ನು. ಮೊಲೆಯ ಗಂಟಿನ ಮಾತು ಅವರ ಹತ್ತಿರ ಯಾವ ಹೆಂಗಸು ಆಡಿಯಾಳು? ನಮ್ಮ ಮೈಸೂರಿನಲ್ಲೇ ಲೈಂಗಿಕ ಕಾರ್ಯಕರ್ತೆಯರು ೨೦೦೪ರ ಸುಮಾರಿಗೆ 'ಆಶೋದಯ'ದಲ್ಲಿ ಒಬ್ಬರಿಗೊಬ್ಬರು ಏಡ್ಸ್ ಬಗ್ಗೆ ಕಲಿಸಲು ಹೊರಟರು. ಬೀದಿಯವರೆಂದು ಬೈಸಿಕೊಂಡವರು ಡಾಕ್ಟರಿಗೇ ಪಾಠ ಹೇಳುವಂತಾದರು.

ಸ್ತನ ಕ್ಯಾನ್ಸರಿಗೇ ಸಂಬಂಧಿಸಿದ ಉದಾಹರಣೆ ಅಮೆರಿಕದ ಅರ್ಕಾನ್ಸಾದ್ದು. ೧೯೯೦ರ ದಶಕದ ಮೊದಲಲ್ಲಿ ಅಲ್ಲಿ ಈ ರೋಗ ಗೆದ್ದ ಕರಿಯ ಹೆಂಗಸರು ತಮ್ಮ ಚರ್ಚುಗಳಲ್ಲಿ ಎದ್ದು ನಿಂತು, ನನಗೆ ಬಂದಿತ್ತು, ನೋಡಿ ಬದುಕಿದ್ದೇನೆ ಎಂದು ಸಾಕ್ಷಿ ಹೇಳತೊಡಗಿದರು. ಕಾರ್ಯಕ್ರಮದ ಹೆಸರೇ 'ಸಾಕ್ಷಿ'. ದೇವರನ್ನು ಬಿಡು ಎಂದು ಅವರು ಯಾರಿಗೂ ಹೇಳಲಿಲ್ಲ. ಅದಕ್ಕೂ ಮುಂಚೆ ಕರಿಯ ಕವಯಿತ್ರಿ ಆಡ್ರಿ ಲಾರ್ಡ್ ೧೯೭೮ರಲ್ಲಿ ಒಂದು ಮೊಲೆ ತೆಗೆಸಿಕೊಂಡು, ಉಣ್ಣೆ ತುಂಬಿದ ಸುಳ್ಳು ಮೊಲೆ ಕಟ್ಟಿಕೊಳ್ಳಲು ಒಪ್ಪದೆ, ೧೯೮೦ರಲ್ಲಿ ಆ ಬಗ್ಗೆ ಪುಸ್ತಕವನ್ನೇ ಬರೆದಳು. ಬಚ್ಚಿಟ್ಟುಕೊಂಡರೆ ಒಬ್ಬರಿಗೊಬ್ಬರು ಕಾಣುವುದಿಲ್ಲ ಎನ್ನುವುದು ಅವಳ ವಾದದ ತಿರುಳು. ನಮ್ಮ ಕೇರಿಯಲ್ಲೂ ಬದುಕಿ ಬಂದವಳು ಒಬ್ಬಿಬ್ಬರು ಇದ್ದಾರೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ಅವರು ಬಾಯಿಬಿಡುವುದಿಲ್ಲ. ಸತ್ತವರು ಕಾಣುತ್ತಾರೆ, ಬದುಕಿದವರು ಅಡಗುತ್ತಾರೆ. ವಿಧಿವಾದಕ್ಕೆ ಇದಕ್ಕಿಂತ ಒಳ್ಳೆ ಗೊಬ್ಬರ ಬೇಕೆ?

ಓರಗೆಯವಳ ಮಾತೇ ಮದ್ದೆಂದು ನಾನು ಹೇಳುತ್ತಿಲ್ಲ. ಶಾಂಘೈನ ಬಟ್ಟೆ ಗಿರಣಿಗಳ ೨,೬೬,೦೬೪ ಹೆಂಗಸರನ್ನು ೧೯೮೯ರಿಂದ ಗಮನಿಸಿದ ಒಂದು ದೊಡ್ಡ ಪ್ರಯೋಗದಲ್ಲಿ ಅರ್ಧ ಮಂದಿಗೆ ತಮ್ಮ ಎದೆಯನ್ನು ತಾವೇ ಪರೀಕ್ಷಿಸಿಕೊಳ್ಳುವುದನ್ನು ಚೆನ್ನಾಗಿ ಕಲಿಸಿದರು. ೨೦೦೨ರಲ್ಲಿ ಬಂದ ಫಲಿತಾಂಶದಲ್ಲಿ ಕಲಿತವರಲ್ಲೂ ಕಲಿಯದವರಲ್ಲೂ ಸಾವಿನ ಸಂಖ್ಯೆ ಒಂದೇ. ಬರೀ ಕಲಿಸಿ ಬಿಟ್ಟರೆ ಸಾಲದು. ಇನ್ನೊಂದು ಕಡೆ ಮುಂಬೈನ ಕೊಳೆಗೇರಿಗಳಲ್ಲಿ ೧೯೯೮ರಿಂದ ಇಪ್ಪತ್ತು ವರ್ಷ ಒಂದೂವರೆ ಲಕ್ಷ ಹೆಂಗಸರ ನಡುವೆ ಟಾಟಾ ಆಸ್ಪತ್ರೆಯವರು ನಡೆಸಿದ ಪ್ರಯೋಗವಿದೆ. ಡಾಕ್ಟರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ೨೦೨೧ರ ವರದಿಯಂತೆ ರೋಗ ಬೇಗ ಸಿಕ್ಕಿತು, ಐವತ್ತು ದಾಟಿದವರಲ್ಲಿ ಸಾವು ಮೂರನೇ ಒಂದು ಪಾಲಿಗೆ ಹತ್ತಿರ ಇಳಿಯಿತು, ಅದಕ್ಕಿಂತ ಚಿಕ್ಕವರಲ್ಲಿ ಇಳಿಯಲಿಲ್ಲ. (ಪರೀಕ್ಷೆ ಸಿಗದೆ ಹೋಲಿಕೆಗೆಂದು ಉಳಿದ ಅರ್ಧ ಮಂದಿಯೂ ಅದೇ ಕೊಳೆಗೇರಿಯವರು. ಆ ಬಗೆಯ ಪ್ರಯೋಗದ 'ನೈತಿಕತೆ' ಬೇರೆಯೇ ಲೇಖನ ಕೇಳುತ್ತದೆ.) ಮೆಟ್ರಿಕ್ ಮುಟ್ಟಿದ ನಮ್ಮ ಹೆಣ್ಣುಮಕ್ಕಳ ಕೈಬೆರಳಿಗೂ ಈ ವಿದ್ಯೆ ಬರುತ್ತದೆ. ಆದರೆ ಬೆರಳಿನ ಹಿಂದೆ ಆಸ್ಪತ್ರೆ ಇರಬೇಕು.

ನಮ್ಮಲ್ಲಿ ೨೦೦೫ರಿಂದ ಆಶಾ ಕಾರ್ಯಕರ್ತೆಯರಿದ್ದಾರೆ. ಅದೇ ಊರಿನ ಸೊಸೆ, ಅದೇ ಬೀದಿ. ೨೦೧೬ರ ಸರ್ಕಾರಿ ಮಾರ್ಗಸೂಚಿಯಂತೆ ಮೂವತ್ತು ದಾಟಿದ ಪ್ರತಿ ಹೆಂಗಸಿನ ಎದೆಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಆಶಾ ಮನೆಮನೆಗೆ ಹೋಗಿ ಫಾರಂ ತುಂಬಬೇಕು. ಆದರೂ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಸಮೀಕ್ಷೆಯಲ್ಲಿ ಮೂವತ್ತರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ಎಂದಾದರೂ ಎದೆ ಪರೀಕ್ಷೆ ಆದವರು ದೇಶದಲ್ಲಿ ನೂರಕ್ಕೆ ೦.೯. ಒಬ್ಬಳೂ ಪೂರ್ತಿ ಇಲ್ಲ! ಇಷ್ಟೆಲ್ಲ ಹೊರಿಸಿಕೊಂಡವಳನ್ನು ಸರ್ಕಾರ ಕರೆಯುವುದು 'ಸ್ವಯಂಸೇವಕಿ' ಎಂದು, ಕೊಡುವುದು ಸಂಬಳವಲ್ಲ, ಗೌರವಧನ. ಗೌರವ ತಿಂದು ಬದುಕಲಾರದೆ ೨೦೨೫ರ ಜನವರಿ ಚಳಿಯಲ್ಲಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತದ್ದನ್ನು ನೀವೆಲ್ಲ ನೋಡಿದ್ದೀರಿ.

ಹಳ್ಳಿಯ ಮೇಷ್ಟ್ರುಗಳಿಗೆ, ರಜಕ್ಕೆ ಊರಿಗೆ ಹೋಗುವ ಹಾಸ್ಟೆಲಿನ ಹುಡುಗಿಯರಿಗೆ ಒಂದು ಮಾತು. ಕೇರಿಯಲ್ಲಿ ಸಭೆ ಕರೆದು ಭಾಷಣ ಮಾಡಬೇಡಿ. ನಲ್ಲಿಯ ಹತ್ತಿರ, ಸಂಘದ ಕಂತು ಕಟ್ಟುವ ದಿನ, ಹೆಂಗಸರೇ ಇರುವಾಗ ಹೆಂಗಸೇ ಹೇಳಬೇಕು. ಹೇಳಬೇಕಾದ ಮೊದಲ ವಿಷಯ ನೋವಿನದು. ಕೂಲಿ ಮಾಡುವ ಮೈಗೆ ನೋವೇ ಅಳತೆ, ನೋಯದ್ದು ರೋಗವಲ್ಲ. ಈ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ, ಅದೇ ಅದರ ಮೋಸ. ತೊಟ್ಟು ಒಳಗೆ ಎಳೆದುಕೊಂಡರೆ, ರಕ್ತ ಜಿನುಗಿದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ, ಕಂಕುಳಲ್ಲಿ ಗಂಟು ಸಿಕ್ಕರೆ ಕಾಯಬಾರದು. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ ಎನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಹೆದರಿ ಮನೆಯೊಳಗೇ ಉಳಿಯುತ್ತಾಳೆ. ಮಾರಮ್ಮನಿಗೆ ಹರಕೆ ಹೊತ್ತಿದ್ದರೆ ಹೊರಲಿ. ಹರಕೆ ತೀರಿಸಿ ಬರುವ ದಾರಿಯಲ್ಲೇ ಆಸ್ಪತ್ರೆ ಬರುವಂತೆ ಜೊತೆಗೆ ಹೋಗುವವಳು ಇರಬೇಕು.

ಜೊತೆಗೆ ಹೋಗುವುದೇ ದೊಡ್ಡ ಕೆಲಸ. ೨೦೧೮ರಿಂದ ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಂಟು. ಅದರ ಕಾಗದ ಓಡಾಡಿಸಲು ಓದು ಬಂದವಳೊಬ್ಬಳು ಬೇಕು. ಕೀಮೋ ಔಷಧಿ ಸಾಮಾನ್ಯವಾಗಿ ಇಪ್ಪತ್ತೊಂದು ದಿನಕ್ಕೊಮ್ಮೆ, ಹಲವು ಸುತ್ತು. ವಿಕಿರಣವಾದರೆ ವಾರಕ್ಕೆ ಐದು ದಿನದಂತೆ ವಾರಗಟ್ಟಲೆ, ಬೆಂಗಳೂರಿನಲ್ಲೇ ಉಳಿದು. ಅಷ್ಟು ದಿನ ಅವಳ ಎಮ್ಮೆಗೆ ಮೇವು ಹಾಕುವವರು ಯಾರು, ಶಾಲೆಗೆ ಹೋಗುವ ಮಕ್ಕಳಿಗೆ ಮುದ್ದೆ ಬೇಯಿಸುವವರು ಯಾರು, ತಲೆಕೂದಲು ಉದುರಿ ಊರಿಗೆ ಬಂದವಳನ್ನು "ಶಾಪ ತಟ್ಟಿದೋಳು" ಅನ್ನುವವರ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುವವರು ಯಾರು? ಹೊಳಲ್ಕೆರೆ ಕಡೆಯ ಒಂದು ಸಂಘದ ಹೆಂಗಸರು ಈ ಪ್ರಶ್ನೆಗೆ ಸರದಿ ಹಾಕಿಕೊಂಡಿದ್ದಾರೆ. ಸಾಲದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಾರೆ: ಸೋಮವಾರ ಎಮ್ಮೆ ಇವಳು, ಮಂಗಳವಾರ ಅಡಿಗೆ ಅವಳು, ಇಪ್ಪತ್ತೊಂದನೇ ದಿನ ಚಿಕ್ಕಜಾಜೂರಿನ ರೈಲಿಗೆ ಇಬ್ಬರು.